ಬಡಗಿನ ಬೆಳಕಿಗೆ ಹೋದ ಬಸ್ಸು

ನಾರ್ವಿಕ್ ಬಂದರು, ನಾರ್ವೆ
30-12-1979

ಸುಗಂಧಿ,

ಕ್ಷೇಮ ವಿಚಾರಿಸುವುದನ್ನೆಲ್ಲ ಕಡೆಗೆ ಇಟ್ಟುಕೊಳ್ಳುತ್ತೇನೆ, ಮೊದಲು ನನ್ನ ಸುದ್ದಿ ಕೇಳು. ಇಲ್ಲಿ ಸೂರ್ಯನೇ ಇಲ್ಲ ಮಾರಾಯ್ತಿ. ಸುಳ್ಳಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಸ್ವಲ್ಪ ಬೆಳಗಾದ ಹಾಗೆ ಕಾಣುತ್ತದೆ, ಕೈ ತೊಳೆದು ಬರುವಷ್ಟರಲ್ಲಿ ಮತ್ತೆ ಕತ್ತಲೆ. ಇದನ್ನು ನಿನ್ನ ಅಮ್ಮನಿಗೆ ಓದಿ ಹೇಳಬೇಡ, ಅಳಿಯ ಕುಡಿದು ಬರೆದಿದ್ದಾನೆ ಎಂದಾರು.

ಹಡಗು ಅದಿರು ತುಂಬಲು ಸಾಲಿನಲ್ಲಿ ನಿಂತಿದೆ. ಎಂಜಿನ್ ರೂಮಿನಲ್ಲಿ ಎಣ್ಣೆ ಹಾಕುವ ನನ್ನಂಥವನಿಗೆ ಸದ್ಯ ಕೆಲಸ ಕಡಿಮೆ. ದಡದಲ್ಲಿ ನಾವಿಕರಿಗೆಂದು ಒಂದು ಕ್ಲಬ್ಬು ಉಂಟು. ನಿನ್ನೆ ಅಲ್ಲಿ ಬೋರ್ಡು ಹಾಕಿದ್ದಾರೆ: ಬರುವ ವಾರ ಸಂಜೆ ಬಸ್ಸಿನಲ್ಲಿ ಬೆಟ್ಟದ ಮೇಲೆ ಕರೆದುಕೊಂಡು ಹೋಗಿ ಆಕಾಶದ ಬೆಳಕು ತೋರಿಸುತ್ತಾರಂತೆ. ಜೊತೆಗೆ ಗೈಡ್. ನಾರ್ದರ್ನ್ ಲೈಟ್ಸ್ ಎನ್ನುತ್ತಾರೆ. ನಮ್ಮ ಭಾಷೆಯಲ್ಲಿ ಬಡಗಿನ ಬೆಳಕು ಅನ್ನು. ಬೆಂಕಿ ಅಲ್ಲ, ಮಿಂಚಲ್ಲ, ಆಕಾಶದಲ್ಲಿ ತನ್ನಷ್ಟಕ್ಕೆ ಹಸಿರಾಗಿ ಉರಿಯುತ್ತದಂತೆ.

ಜೋಕಿಮ್ ನಮ್ಮಿಬ್ಬರ ಹೆಸರನ್ನೂ ಬರೆಸಿ ಬಂದಿದ್ದಾನೆ. ಜೋಕಿಮ್ ಎಂದರೆ ಉದ್ಯಾವರದವ, ನಮ್ಮ ಹಡಗಿನ ಅಡುಗೆಯವ, ನಾನು ಹೇಳುತ್ತಿರುತ್ತೇನಲ್ಲ, ಬೈಗುಳ ಇಲ್ಲದೆ ಉಪ್ಪು ಕೂಡ ಹಾಕದ ಮನುಷ್ಯ. ಕಾಪುವಿನಲ್ಲಿ ಯಾರೂ ನೋಡದ್ದನ್ನು ನಾನು ನೋಡಿ ಬಂದು ಹೇಳುತ್ತೇನೆ, ನೀನು ಹೊಟ್ಟೆಕಿಚ್ಚು ಪಡು.

ಏಪ್ರಿಲಿಗೆ ಕರಾರು ಮುಗಿಯುತ್ತದೆ. ಆಮೇಲೆ ಊರು. ಈ ಸಲ ಬಂದರೆ ಮತ್ತೆ ಹಡಗು ಹತ್ತುವುದಿಲ್ಲ ಎಂದು ನಿನಗೆ ಮಾತು ಕೊಟ್ಟಿದ್ದೇನೆ, ಮರೆತಿಲ್ಲ. ಕಾರ್ಕಳದಲ್ಲಿ ನನ್ನ ಅಮ್ಮನನ್ನೂ ಒಮ್ಮೆ ನೋಡಿ ಬಾ.

ನಿನ್ನ
ತಾರಾನಾಥ


ಕಾಪು
19-1-1980

ಪ್ರೀತಿಯ ಇವರಿಗೆ,

ನಿಮ್ಮ ಕಾಗದ ಈವತ್ತು ಸಿಕ್ಕಿತು. ಇದು ನಿಮ್ಮ ಕೈಗೆ ಮುಟ್ಟುವಾಗ ಆ ಬಸ್ಸು ಹೋಗಿ ಬಂದಿರುತ್ತದೆ, ಗೊತ್ತು. ಆದರೂ ಬರೆಯುತ್ತೇನೆ: ಹೋಗಬೇಡಿ. ಹೋಗಿದ್ದರೆ, ಹೋಗದ ಹಾಗೆ ಮಾಡಿ.

ನಗಬೇಡಿ. ನನ್ನ ಬಾಯಿ ಜೋರು ಎಂದು ಊರಿಗೇ ಗೊತ್ತು, ಆದರೆ ಒಳಗೆ ನಾನು ಹೆದರುಪುಕ್ಕಲಿ ಎನ್ನುವುದು ನಿಮಗೆ ಮಾತ್ರ ಗೊತ್ತು. ನೀವು ಸಮುದ್ರದಲ್ಲಿದ್ದೀರಿ ಎಂಬುದನ್ನು ಹೇಗೋ ಅಭ್ಯಾಸ ಮಾಡಿಕೊಂಡಿದ್ದೇನೆ. ಈಗ ಸೂರ್ಯ ಇಲ್ಲದ ಊರು, ಅದರಲ್ಲಿ ಕತ್ತಲೆ, ಕತ್ತಲೆಯಲ್ಲಿ ಬೆಟ್ಟ, ಬೆಟ್ಟದ ಮೇಲೆ ಹಸಿರು ಉರಿ! ಯಾವ ಬುದ್ಧಿವಂತ ಇಂಥದ್ದಕ್ಕೆ ಹೆಸರು ಬರೆಸುತ್ತಾನೆ? ಉದ್ಯಾವರದಲ್ಲಿ ಜೋಕಿಮನ ಹೆಂಡತಿಗೆ ಈ ವಿಷಯ ಗೊತ್ತುಂಟೋ?

ನನಗೆ ಈ ಭಯ ಸುಮ್ಮನೆ ಬಂದದ್ದಲ್ಲ. ಮಟ್ಟುವಿನ ರತ್ನಾವತಿ ನಿಮಗೆ ಗೊತ್ತಲ್ಲ, ನನ್ನ ಜೊತೆ ಬೀಡಿ ಕಟ್ಟುವವಳು. ಅವಳ ಗಂಡ ಹೂವಪ್ಪಣ್ಣ ದುಬೈಯ ಬಂದರಿನಲ್ಲಿ ಬಿದ್ದು ತೀರಿಹೋದರು. ತೀರಿಹೋದದ್ದು ಗಣೇಶನ ಹಬ್ಬದ ಹೊತ್ತಿಗೆ, ಅವಳಿಗೆ ಗೊತ್ತಾದದ್ದು ದೀಪಾವಳಿ ಕಳೆದ ಮೇಲೆ. ನಡುವೆ ಕಾಗದಗಳು ಬರುತ್ತಲೇ ಇದ್ದವು. ಜೊತೆಯವರು, ಪಾಪ, ಹೇಗೆ ಹೇಳುವುದೆಂದು ತಿಳಿಯದೆ ಬರೆಯುತ್ತಿದ್ದರಂತೆ: "ಕೈಗೆ ಸ್ವಲ್ಪ ಪೆಟ್ಟಾಗಿದೆ, ಸ್ನೇಹಿತನ ಹತ್ತಿರ ಬರೆಸುತ್ತಿದ್ದೇನೆ." ಅವಳು ಆ ಕಾಗದಗಳಿಗೆ ಉತ್ತರವನ್ನೂ ಬರೆದಿದ್ದಾಳೆ. ಮೊನ್ನೆ ಎಲೆ ಕತ್ತರಿಸುತ್ತ ಇದನ್ನು ಹೇಳಿದಳು. ಅಳಲಿಲ್ಲ. ನನಗೇ ಕತ್ತರಿ ಹಿಡಿಯಲಿಕ್ಕೆ ಆಗಲಿಲ್ಲ.

ಅದಕ್ಕೆ ಈವತ್ತು ಲಕೋಟೆಯ ಮೇಲೆ ನಿಮ್ಮ ಅಕ್ಷರ ಕಂಡಾಗ ಜೀವ ಬಂದ ಹಾಗಾಯಿತು. ಒಳಗೆ ಓದಿದ ಮೇಲೆ ಪುನಃ ಹೋಯಿತು. ಬೇಗ ಬರೆಯಿರಿ. ಎರಡು ಸಾಲಾದರೂ ಸಾಕು.

ಅಮ್ಮನಿಗೆ ಕೆಮ್ಮು, ಬೇರೆ ಎಲ್ಲ ಸುಖ. ಅಳಿಯ ಎಂತ ಬರೆದಿದ್ದಾರೆ ಎಂದು ಕೇಳಿದರು. ಚಳಿ ಅಂತೆ ಎಂದೆ.

ನಿಮ್ಮ
ಸುಗಂಧಿ


ರಾಟರ್‌ಡ್ಯಾಂ
21-1-1980

ಪ್ರೀತಿಯ ಸುಗಂಧಿಗೆ,

ದೇವರ ಕೃಪೆಯಿಂದ ನಾನು ಇಲ್ಲಿ ಚೆನ್ನಾಗಿದ್ದೇನೆ. ನೀನೂ ಅತ್ತೆಯವರೂ ಹಾಗೆಯೇ ಇದ್ದೀರಿ ಎಂದು ನಂಬಿದ್ದೇನೆ.

ಕೈಗೆ ಸ್ವಲ್ಪ ಪೆಟ್ಟಾಗಿದೆ. ಎಂಜಿನ್ ರೂಮಿನ ಬಾಗಿಲಿಗೆ ಸಿಕ್ಕಿ ಬೆರಳು ಜಜ್ಜಿತು, ಹೆದರುವಂಥದ್ದೇನೂ ಇಲ್ಲ. ಅದಕ್ಕಾಗಿ ಇದನ್ನು ಜೋಕಿಮನ ಹತ್ತಿರ ಬರೆಸುತ್ತಿದ್ದೇನೆ. ನಾನು ಹೇಳುತ್ತೇನೆ, ಅವನು ಬರೆಯುತ್ತಾನೆ.

ಆಕಾಶದ ಬೆಳಕನ್ನು ನೋಡಿದೆವು. ಬಹಳ ಸುಂದರವಾಗಿತ್ತು. ಬಸ್ಸಿನ ವ್ಯವಸ್ಥೆ ಉತ್ತಮವಾಗಿತ್ತು. ಗೈಡ್ ಒಳ್ಳೆಯ ಹೆಂಗಸು. ಬಿಸಿ ಪಾನೀಯ ಕೊಟ್ಟರು. ಎಲ್ಲರೂ ಸುರಕ್ಷಿತವಾಗಿ ಹಿಂದಿರುಗಿದೆವು.

ಮುಂದೆ ಬರೆಯಲು ವಿಶೇಷವಿಲ್ಲ. ಚಿಂತೆ ಮಾಡಬೇಡ.

ಇತಿ,
ತಾರಾನಾಥ


ಕಾಪು
18-2-1980

ಪ್ರೀತಿಯ ಇವರಿಗೆ,

ಅಭ್ಯಾಸದಿಂದ ಹೀಗೆ ಬರೆದೆ. ಇದನ್ನು ಓದುವವರು ಯಾರು ಎಂದೇ ನನಗೆ ಗೊತ್ತಿಲ್ಲ.

ನಿಮ್ಮದೆಂದು ಬಂದ ಕಾಗದ ತಲುಪಿ ತುಂಬ ದಿನ ಆಯಿತು. ಒಂದು ಸಲ ಓದಿದೆ. ಎರಡನೆಯ ಸಲ ಓದಲಿಲ್ಲ. ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದೇನೆ. ರತ್ನಾವತಿಗೆ ತೋರಿಸಲಿಲ್ಲ. ತೋರಿಸಿದರೆ ಅವಳ ಮುಖ ನೋಡಬೇಕಾಗುತ್ತದೆ. ಅಮ್ಮನಿಗೆ ಮಾತ್ರ ನಾನೇ ಮನಸ್ಸಿನಲ್ಲಿ ಒಂದು ಕಾಗದ ಕಟ್ಟಿ ಓದಿ ಹೇಳಿದೆ. ಅದರಲ್ಲಿ ನೀವು ಅಮ್ಮನಿಗೆ ಸ್ವೆಟರ್ ತಗೊಂಡಿದ್ದೀರಿ. ಅವರು ಕೆಮ್ಮುತ್ತ ನಕ್ಕರು.

ಮೊನ್ನೆ ಶನಿವಾರ ಗ್ರಹಣ. ವಾರದಿಂದ ಊರಿನಲ್ಲಿ ಅದೇ ಮಾತು. ಮಧ್ಯಾಹ್ನದ ಹೊತ್ತಿಗೆ ಕಾಪು ಪೇಟೆಯಲ್ಲಿ ನರಪಿಳ್ಳೆ ಇಲ್ಲ, ಬಸ್ಸುಗಳೂ ಖಾಲಿ. ಅಮ್ಮ ನೀರಿನ ಕೊಡಕ್ಕೆಲ್ಲ ಮುಚ್ಚಳ ಹಾಕಿ, ಬಾಗಿಲು ಕಿಟಕಿ ಹಾಕಿಸಿ, ಚಾಪೆಯ ಮೇಲೆ ಮಲಗಿದರು. ನಮ್ಮ ಮಾಡಿನ ಹಂಚಿನ ಸಂದಿಯಿಂದ ಬಿಸಿಲಿನ ಚುಕ್ಕೆಗಳು ನೆಲಕ್ಕೆ ಬೀಳುತ್ತವಲ್ಲ, ಅವೆಲ್ಲ ಕುಡುಗೋಲಿನ ಹಾಗೆ ಬಾಗಿದವು. ನೆಲದ ತುಂಬ ಕುಡುಗೋಲು. ಕಾಲಿಡಲಿಕ್ಕೆ ಹೆದರಿ ನಾನು ಗೋಡೆಗೆ ಅಂಟಿ ನಿಂತೆ. ಹೊರಗೆ ಕೋಳಿಗಳು ಗೂಡು ಸೇರಿದವು. ಹಗಲಿನಲ್ಲೇ ಕತ್ತಲೆ. ನಿಮ್ಮ ಆ ಊರಿನಲ್ಲಿ ದಿನಾ ಹೀಗೆಯೇ ಅಲ್ವಾ ಎಂದು ಯೋಚಿಸಿದೆ. ಅಲ್ಲಿ ನೀವು ಒಬ್ಬರೇ ಎಲ್ಲೋ ಬಿದ್ದುಕೊಂಡಿದ್ದೀರಿ ಎಂದು ಅನಿಸಿತು. ಅನಿಸಿದ್ದಲ್ಲ, ಕಂಡಿತು.

ಅದಕ್ಕೆ ನೇರ ಕೇಳುತ್ತೇನೆ. ನೀವು ಇದ್ದೀರೋ? "ಬಸ್ಸಿನ ವ್ಯವಸ್ಥೆ ಉತ್ತಮವಾಗಿತ್ತು" ಎಂದು ನೀವು ಈ ಜನ್ಮದಲ್ಲಿ ಹೇಳಿದವರಲ್ಲ. ನಮ್ಮ ಮದುವೆಯ ಊಟವನ್ನೇ ನೀವು ಉತ್ತಮ ಎನ್ನಲಿಲ್ಲ. ಕೈ ಜಜ್ಜಿದರೆ ಒಂದು ಗೆರೆ ಎಳೆಯಲೂ ಆಗುವುದಿಲ್ಲವೇ? ನಿಮ್ಮ ಕೈಯಿಂದಲೇ ಒಂದು ಸಾಲು ಬರೆಯಿರಿ. ಅಕ್ಷರ ಕೆಟ್ಟದಾದರೆ ಅಡ್ಡಿಯಿಲ್ಲ. ಅದು ಬರುವವರೆಗೆ ನಾನು ಅನ್ನ ಉಣ್ಣುತ್ತೇನೆ, ಬೀಡಿ ಕಟ್ಟುತ್ತೇನೆ, ಆದರೆ ಇರುವುದಿಲ್ಲ.

ಸುಗಂಧಿ


3-3-1980

ಸುಗಂಧಿ,

ನಿನ್ನ ಎರಡೂ ಕಾಗದ ಒಟ್ಟಿಗೆ ಸಿಕ್ಕವು.

ನನ್ನ ಮೇಲೆ ಇಷ್ಟು ಸಂಶಯ ಎಂದು ಗೊತ್ತಿರಲಿಲ್ಲ. ಕೈಯಕ್ಷರ ಪರೀಕ್ಷೆ ಮಾಡುತ್ತೀಯಾ? ನಾನು ಇಲ್ಲಿ ಬೇರೆ ಸಂಸಾರ ಹೂಡಿ, ಕಾಗದ ಬರೆಯುವ ಕೆಲಸವನ್ನು ಸ್ನೇಹಿತನಿಗೆ ಬಿಟ್ಟಿದ್ದೇನೆ ಎಂದೇ ನಿನ್ನ ಲೆಕ್ಕ? ರತ್ನಾವತಿಯ ಕಥೆಯನ್ನು ಅಡ್ಡ ಹಿಡಿದು ಕೇಳಬೇಕಾಗಿರಲಿಲ್ಲ. "ಇದ್ದೀರೋ" ಎಂದರೆ, ಇನ್ನೂ ನಿನ್ನವನಾಗಿ ಇದ್ದೇನೋ ಎಂದು ತಾನೇ?

ಕೈ ಇನ್ನೂ ಗುಣವಾಗಿಲ್ಲ. ಜೋಕಿಮನೇ ಬರೆಯುತ್ತಿದ್ದಾನೆ. ನಡುವೆ ಪೆನ್ನು ಕೆಳಗಿಟ್ಟು ನನಗೆ ಬೈದ. ಅದನ್ನೂ ಬರೆ ಎಂದೆ, ಬರೆದಿದ್ದಾನೆ.

ಇನ್ನೊಂದು ವಿಷಯ. ಏಪ್ರಿಲಿನಲ್ಲಿ ಬರಲಿಕ್ಕೆ ಆಗುವುದಿಲ್ಲ. ರಾಟರ್‌ಡ್ಯಾಮಿನಿಂದಲೇ ಬೇರೆ ಹಡಗು ಸಿಗುತ್ತದೆ, ಎರಡು ವರ್ಷದ ಕರಾರು. ಆ ಹಡಗಿನಿಂದ ಕಾಗದ ಬರುವುದು ಕಷ್ಟ. ನೀನು ನಿನ್ನ ಅಮ್ಮನ ಮನೆಯಲ್ಲಿ ಇದ್ದೀಯ, ನಿನಗೆ ಯಾವ ಕೊರತೆಯೂ ಇಲ್ಲ. ಕಾಯಬೇಡ.

ತಾರಾನಾಥ


ಕಾಪು
11-3-1980

ಜೋಕಿಮಣ್ಣನವರಿಗೆ ಕಾಪುವಿನ ಸುಗಂಧಿಯ ನಮಸ್ಕಾರ.

ನೀವು ನನ್ನನ್ನು ನೋಡಿದವರಲ್ಲ. ಆದರೆ ಈಗ ನನ್ನ ಗಂಡನ ಮಾತೆಲ್ಲ ನಿಮ್ಮ ಅಕ್ಷರದಲ್ಲೇ ಬರುತ್ತಿದೆ, ಹಾಗಾಗಿ ನಿಮಗೇ ಬರೆಯುತ್ತಿದ್ದೇನೆ. ಎಂದಿನ ಹಾಗೆ ಬೊಂಬಾಯಿಯ ಕಂಪೆನಿ ಆಫೀಸಿನ ವಿಳಾಸಕ್ಕೆ ಹಾಕುತ್ತೇನೆ. ನೀವು ಅಲ್ಲೇ ಹತ್ತಿರ ಇದ್ದೀರಿ ಎಂದು ಕಾಣುತ್ತದೆ. ಈ ಸಲದ ಕಾಗದದಲ್ಲಿ ರಾಟರ್‌ಡ್ಯಾಂ ಎಂದು ಉಂಟು, ಅಂಚೆಯ ಮುದ್ರೆ ಬೊಂಬಾಯಿಯದು. ಸ್ಟ್ಯಾಂಪೂ ನಮ್ಮ ದೇಶದ್ದೇ. ಹೆಂಗಸರು ಲಕೋಟೆ ನೋಡುವುದಿಲ್ಲ ಎಂದು ತಿಳಿದಿರೋ?

ನಿಮ್ಮ ಮೇಲೆ ನನಗೆ ಕೋಪ ಇಲ್ಲ. ರತ್ನಾವತಿಗೆ ಕಾಗದ ಬರೆದವರ ಮೇಲೆ ಅವಳಿಗೂ ಇಲ್ಲ. ಸತ್ತವರ ಸುದ್ದಿ ಬರೆಯಲು ಯಾರಿಗೆ ಮನಸ್ಸು ಬರುತ್ತದೆ? ಮೊದಲು ಕೈ ನೋವು, ಆಮೇಲೆ ಜಗಳ, ಆಮೇಲೆ ಎರಡು ವರ್ಷ ಕಾಗದ ಇಲ್ಲ, ಆಗ ಇವಳೇ ಮೆಲ್ಲಗೆ ಮರೆಯುತ್ತಾಳೆ ಎಂದು ನೀವು ಮನಸ್ಸು ಕಲ್ಲು ಮಾಡಿಕೊಂಡು ಬರೆದಿರಬಹುದು. ಆದರೆ ನಾನು ಮರೆಯುವ ಜಾತಿಯವಳಲ್ಲ. ಹುಚ್ಚು ಹಿಡಿಯುವ ಜಾತಿಯವಳು.

ಒಂದೇ ಶಬ್ದ ಬರೆಯಿರಿ. ಇದ್ದಾರೆ, ಅಥವಾ ಇಲ್ಲ. ಇಲ್ಲ ಎಂದಾದರೆ ಕಾರ್ಕಳದಲ್ಲಿ ಒಬ್ಬರು ಅಮ್ಮ ಇದ್ದಾರೆ, ಅವರಿಗೆ ನಾನೇ ಹೋಗಿ ಹೇಳಬೇಕು. ಅದಕ್ಕಾದರೂ ಬರೆಯಿರಿ. ನಿಮಗೂ ಮನೆಯಲ್ಲಿ ಹೆಂಡತಿ ಇದ್ದಾಳೆ.

ಸುಗಂಧಿ


ಡೋಂಗ್ರಿ, ಬೊಂಬಾಯಿ
20-3-1980

ಸುಗಂಧಿ,

ಇದ್ದೇನೆ.

ಇದು ನನ್ನದೇ ಅಕ್ಷರ, ಎಡಗೈಯದು. ಜೋಕಿಮ್ ನಿನ್ನ ಕಾಗದವನ್ನು ನನ್ನ ಎದುರು ಗಟ್ಟಿಯಾಗಿ ಓದಿದ. ಓದಿ, ಇನ್ನು ನಿನ್ನ ಸುಳ್ಳಿಗೆ ನನ್ನ ಪೆನ್ನು ಇಲ್ಲ ಎಂದು ಹೇಳಿ ಹೊರಗೆ ಹೋದ. ನೀನು ನನ್ನನ್ನು ಸತ್ತವನೆಂದು ತಿಳಿದಿದ್ದೀ ಎಂದು ನನಗೆ ನಿಜವಾಗಿ ಹೊಳೆದಿರಲಿಲ್ಲ. ನಾನು ಬೇರೆಯೇ ತಿಳಿದು ಕೋಪ ಮಾಡಿದೆ. ಈ ಕಾಗದ ಬರೆಯಲು ಮೂರು ದಿನ ಹಿಡಿಯಿತು, ಅಕ್ಷರ ಓದಲು ಬಾರದಿದ್ದರೆ ರತ್ನಾವತಿಯನ್ನು ಕೂರಿಸಿಕೊ.

ಬಲಗೈಯಲ್ಲಿ ಹೆಬ್ಬೆರಳೂ ಕಿರುಬೆರಳೂ ಉಳಿದಿವೆ. ನಡುವಿನ ಮೂರನ್ನು ರಾಟರ್‌ಡ್ಯಾಮಿನ ಆಸ್ಪತ್ರೆಯಲ್ಲಿ ತೆಗೆದರು. ಬಾಗಿಲಿಗೆ ಸಿಕ್ಕಿದ್ದಲ್ಲ. ಆ ಬಸ್ಸಿನ ಸಂಜೆ ಹಿಮದ ಚಳಿಗೆ ಮರಗಟ್ಟಿ ಹೋದದ್ದು.

ಬಸ್ಸು ಎರಡು ಇದ್ದವು. ಒಂದರಲ್ಲಿ ನಾವು, ಇನ್ನೊಂದರಲ್ಲಿ ಪೋಲೆಂಡಿನ ಹಡಗಿನವರು. ಜೋಕಿಮ್ ಬಾಟ್ಲಿಯ ಆಸೆಗೆ ಅವರ ಬಸ್ಸು ಹತ್ತಿದ್ದ. ಗೈಡ್ ಬೆರಿಟ್ ಎಂದು, ಶಾಲೆಯ ಟೀಚರ್. ಎಲ್ಲರ ಹೆಸರು ಕೇಳಿ ಬಾಯಿಪಾಠ ಮಾಡಿಕೊಂಡಳು. ಮೇಲೆ ಹೋದ ಮೇಲೆ ಬಸ್ಸಿನ ಲೈಟು ಆರಿಸಿದರು, ಟಾರ್ಚು ಹಾಕಬಾರದು ಎಂದರು, ಕಣ್ಣು ಕತ್ತಲೆಗೆ ಹೊಂದಬೇಕಂತೆ. ಹಿಂದಿನ ಕಾಲದವರು ಈ ಬೆಳಕಿಗೆ ಹೆದರುತ್ತಿದ್ದರಂತೆ. ಶಿಳ್ಳೆ ಹಾಕಿದರೆ ಅದು ಕೆಳಗೆ ಇಳಿದು ಬಂದು ಎತ್ತಿಕೊಂಡು ಹೋಗುತ್ತದೆ ಎಂದು ಮಕ್ಕಳಿಗೆ ಹೇಳುತ್ತಿದ್ದರಂತೆ. ಹೇಳಿ ಅವಳು ನಕ್ಕಳು. ಕೂಡಲೇ ಪೋಲೆಂಡಿನವನೊಬ್ಬ ಶಿಳ್ಳೆ ಹಾಕಿದ. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಆಮೇಲೆ ಬಂತು. ಮಲ್ಪೆಯಲ್ಲಿ ಒಣಗಲು ಹಾಕಿದ ಬಲೆ ಗಾಳಿಗೆ ಆಡುವುದಿಲ್ಲವೇ, ಹಾಗೆ ಆಕಾಶದ ಈ ತುದಿಯಿಂದ ಆ ತುದಿಗೆ ಹಸಿರು ಆಡುತ್ತಿತ್ತು. ಇಷ್ಟು ದೊಡ್ಡದು ಆಡುವಾಗ ಏನಾದರೂ ಸದ್ದು ಬೇಕಲ್ಲ? ಸದ್ದೇ ಇಲ್ಲ. ನನಗೆ ಹೆದರಿಕೆ ಆದದ್ದು ಅಲ್ಲಿ. ಕಾಪುವಿನಲ್ಲಿ ಯಾರೂ ನೋಡದ್ದನ್ನು ನೋಡುತ್ತೇನೆ ಎಂದು ಜಂಬ ಕೊಚ್ಚಿದವನಿಗೆ ತಲೆ ಎತ್ತಲು ಆಗಲಿಲ್ಲ. ಮೂತ್ರಕ್ಕೆಂದು ನೆವ ಮಾಡಿ ಮರಗಳ ಹಿಂದೆ ಹೋದೆ. ಗ್ಲೌಸು ತೆಗೆದೆ. ಬರುವಾಗ ದಾರಿ ತಪ್ಪಿ ಒಂದು ತೋಡಿಗೆ ಬಿದ್ದೆ, ಹಿಮದ ಅಡಿಯಲ್ಲಿ ನೀರು ಇತ್ತು. ಬಲಗೈ ಮೊಣಕೈವರೆಗೆ ಒದ್ದೆ. ಗ್ಲೌಸು ಎಲ್ಲಿ ಹೋಯಿತೋ.

ಆಗ ಕರೆದರು. ಹೆಂಗಸಿನ ಸ್ವರ. ಮರಗಳ ಕಡೆಯಿಂದ, ಎಳೆದು, "ತಾ...ರಾ..." ಎಂದು. ಒಮ್ಮೆ.

ಸುಗಂಧಿ, ಕತ್ತಲೆಯಲ್ಲಿ ಹೆಸರು ಹಿಡಿದು ಒಮ್ಮೆ ಕರೆದರೆ ನಮ್ಮಲ್ಲಿ ಯಾರು ಓ ಎನ್ನುತ್ತಾರೆ? ಮನುಷ್ಯರಾದರೆ ಮೂರು ಸಲ ಕರೆಯುತ್ತಾರೆ, ಅದಾದರೆ ಮೂರನೆಯ ಸಲ ಕರೆಯುವುದಿಲ್ಲ, ಅದಕ್ಕೆ ಕಾಯಬೇಕು ಎಂದು ನಡೆಯಲು ಕಲಿಯುವ ಮೊದಲೇ ಕಲಿತವರು ನಾವು. ನಾನು ಬಂಡೆಯ ಹಿಂದೆ ಕುಳಿತೆ. ಎರಡನೆಯ ಸಲ ಕರೆಯಿತು, ಹತ್ತಿರದಿಂದ. ಒದ್ದೆ ಕೈಯಿಂದ ಬಾಯಿ ಮುಚ್ಚಿಕೊಂಡೆ, ಉಸಿರು ಕೇಳಬಾರದೆಂದು. ಮೇಲೆ ಆ ಹಸಿರು ಹೊರಳುತ್ತಿತ್ತು. ಮೂರನೆಯದಕ್ಕೆ ಕಾದೆ. ಬರಲಿಲ್ಲ. ಬದುಕಿದೆ ಎಂದುಕೊಂಡೆ! ಅಷ್ಟರಲ್ಲಿ ಬಸ್ಸು ಸ್ಟಾರ್ಟ್ ಆದ ಸದ್ದು.

ಕರೆದದ್ದು ಬೆರಿಟ್. ನಾನು ಜೋಕಿಮನ ಬಸ್ಸಿನಲ್ಲಿ ಇರಬೇಕು ಎಂದು ಯಾರೋ ಹೇಳಿದರಂತೆ. ಮೂರನೆಯ ಸಲ ಕರೆಯಬೇಕೆಂದು ಅವಳಿಗೆ ಯಾರು ಹೇಳಿಕೊಟ್ಟಿದ್ದಾರೆ? ನಾನು ಓಡಿದೆ, ಬಿದ್ದೆ, ಕೂಗಿದೆ. ಕೂಗಿದ್ದು ನನಗೇ ಕೇಳಿಸಿತು, ಬೇರೆ ಯಾರಿಗೂ ಇಲ್ಲ. ಆಮೇಲೆ ಜೋಕಿಮನೂ ಅವಳೂ ಕಾರಿನಲ್ಲಿ ಹಿಂದೆ ಬರುವವರೆಗೆ ನಾನು ಎಲ್ಲಿದ್ದೆ, ಏನು ಮಾಡಿದೆ ಎಂದು ಸರಿಯಾಗಿ ನೆನಪಿಲ್ಲ. ಜೋಕಿಮ್ ತುಳುವಿನಲ್ಲಿ ನನ್ನ ಅಪ್ಪನಿಂದ ಹಿಡಿದು ಎಲ್ಲರಿಗೂ ಬೈಯುತ್ತ ಹುಡುಕುತ್ತಿದ್ದ. ದೆವ್ವ ಹಾಗೆ ಬೈಯುವುದಿಲ್ಲ ಎಂದು ಓ ಎಂದೆ.

ಈಗ ಹೇಳು, ಇದನ್ನು ಹಡಗಿನವರ ಹತ್ತಿರ ಹೇಗೆ ಹೇಳುವುದು? ಕರೆದದ್ದು ಕೇಳಿಸಿತೋ ಎಂದು ಕ್ಯಾಪ್ಟನ್ ಕೇಳಿದ. ಕೇಳಿಸಲಿಲ್ಲ ಎಂದೆ. ಬೆರಿಟ್ ನಾರ್ವಿಕ್‌ನ ಆಸ್ಪತ್ರೆಗೆ ಬಂದು ತನ್ನದೇ ತಪ್ಪು ಎಂದು ಅತ್ತಳು. ಅವಳಿಗೂ ನಿಜ ಹೇಳಲಿಲ್ಲ.

ಇನ್ನು ಹಡಗು ಇಲ್ಲ, ಡಾಕ್ಟರ್ ಪಾಸು ಮಾಡುವುದಿಲ್ಲ. ಫೆಬ್ರವರಿಯ ಕೊನೆಗೇ ಜೋಕಿಮನ ಜೊತೆ ಇಲ್ಲಿಗೆ ಬಂದೆ. ಬಂದವನಿಗೆ ಮುಂದಿನ ಬಸ್ಸು ಹತ್ತಲು ಆಗಲಿಲ್ಲ. ಹೆದರಿಕೆ. ಕಾಪುವಿನಲ್ಲಿ ಇಳಿದರೆ ಮುಖಕ್ಕಿಂತ ಮೊದಲು ಎಲ್ಲರೂ ಕೈ ನೋಡುತ್ತಾರೆ. ನೀನೂ ನೋಡುತ್ತೀ. ಅದು ನೋಡುವಂಥದ್ದಲ್ಲ. ಸಂಜೆಯಾದರೆ ಇನ್ನೊಂದು ಹೆದರಿಕೆ. ಯಾರು ಕೂಗಿದರೂ ಈಗ ನಾನು ಓ ಎನ್ನುತ್ತೇನೆ, ಬೀದಿಯಲ್ಲಿ ಬಟಾಟೆ ಮಾರುವವ ಕೂಗಿದರೂ. ಕೋಣೆಯವರು ನಗುತ್ತಾರೆ. ಇಂಥವನನ್ನು ಮನೆಯಲ್ಲಿ ಇಟ್ಟುಕೊಂಡು ನೀನು ಏನು ಮಾಡುತ್ತೀ?

ಜೋಕಿಮ್ ಈಸ್ಟರ್ ಹಬ್ಬಕ್ಕೆ ಊರಿಗೆ ಹೋಗುತ್ತಾನೆ. ನಾನು ಅವನ ಜೊತೆ ಬರುವುದಿಲ್ಲ. ಕಾಂಡ್ಲಾ ಬಂದರಿನಲ್ಲಿ ಗೋದಾಮು ಕಾಯುವ ಕೆಲಸ ಉಂಟಂತೆ, ಅತ್ತ ಹೋಗುತ್ತೇನೆ. ಕಾರ್ಕಳದ ಅಮ್ಮನಿಗೆ ಹಡಗಿನಲ್ಲಿದ್ದಾನೆ ಎಂದೇ ಹೇಳು. ನಿನಗೆ ನಿಜ ತಿಳಿಯಿತಲ್ಲ, ಅಷ್ಟು ಸಾಕು.

ತಾರಾನಾಥ


ಕಾಪು
27-3-1980

ಪ್ರೀತಿಯ ಇವರಿಗೆ,

ಈವತ್ತು ಹನ್ನೊಂದು ಗಂಟೆಗೆ ಅಂಚೆಯವರು ಬಂದರು. ಲಕೋಟೆಯ ಮೇಲಿನ ಅಕ್ಷರ ಕಂಡು ಇದು ಯಾವ ಮಗುವಿನದ್ದು ಎಂದೆ. ಮೊದಲ ಶಬ್ದ ಓದಿ ಅಂಗಳದಲ್ಲೇ ಕುಳಿತುಬಿಟ್ಟೆ. ಅಮ್ಮ ಓಡಿ ಬಂದರು, ಕೆಟ್ಟ ಸುದ್ದಿ ಎಂದೇ ಅವರು ತಿಳಿದದ್ದು. ನನಗೆ ಅಳು, ನಗು, ಬೈಗುಳ ಮೂರೂ ಒಟ್ಟಿಗೆ ಬಂತು. ಇದ್ದೀರಿ. ನನಗೆ ಇಷ್ಟೇ ಬೇಕಾದದ್ದು, ಇದನ್ನು ಬರೆಯಲು ನಿಮಗೆ ಜನವರಿಯಿಂದ ಬೇಕಾಯಿತೇ?

ಈ ಸಲ ಅಮ್ಮನಿಗೆ ಕಾಗದ ಕಟ್ಟಿ ಹೇಳಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಓದಿದೆ. ಕರೆದ ಜಾಗ ಬಂದಾಗ ಅವರು ಕೆಮ್ಮು ನಿಲ್ಲಿಸಿ ಕೇಳಿದರು. "ಓ ಅನ್ನಲಿಲ್ಲ ಅಲ್ವಾ?" ಎಂದರು. ಇಲ್ಲ ಎಂದೆ. "ಮತ್ತೆ? ಗುರುತಿಲ್ಲದ ಊರಿನಲ್ಲಿ, ಹೆಂಗಸಿನ ಸ್ವರ, ಒಂದೇ ಸಲ. ನಮ್ಮ ಮನೆಯ ಅಳಿಯ ಬುದ್ಧಿವಂತ" ಎಂದರು. ಕರೆದದ್ದು ಆ ಟೀಚರ್ ಎಂದು ಓದಿದ ಮೇಲೆಯೂ ಆ ಮಾತನ್ನು ಬದಲಿಸಲಿಲ್ಲ. ನಿಮಗೆ ನಾಚಿಕೆಯಾಗಿದ್ದರೆ ಅದು ಕ್ಯಾಪ್ಟನ್ನಿನ ಎದುರು ಆಗಲಿ. ಇಲ್ಲಿ ಕೇಳಿದವರೆಲ್ಲ ನಾನಾಗಿದ್ದರೂ ಹಾಗೆಯೇ ಮಾಡುತ್ತಿದ್ದೆ ಎನ್ನುತ್ತಾರೆ. ನಾನೂ ಬಂಡೆಯ ಹಿಂದೆಯೇ ಕೂರುತ್ತಿದ್ದೆ. ಕೈಗಳೆರಡೂ ಹೋಗುತ್ತಿದ್ದವೋ ಏನೋ.

ಕೈ ನೋಡುತ್ತೇನೆ ಎಂದು ಹೆದರಿದ್ದೀರಿ. ನೋಡುತ್ತೇನೆ. ಮೊದಲು ಅದನ್ನೇ ನೋಡುತ್ತೇನೆ, ಸುಳ್ಳು ಹೇಳುವುದಿಲ್ಲ. ಒಂದು ದಿನ ಅಳುತ್ತೇನೆ ಕೂಡ. ಆಮೇಲೆ ಮಣಿಪಾಲದಲ್ಲಿ ಡಾಕ್ಟರಿಗೆ ತೋರಿಸಿ ಬರುವ. ಸಂಜೆ ಹೊತ್ತು ಯಾರಾದರೂ ಕೂಗಿ ನೀವು ಓ ಎಂದರೆ ನಾನೂ ಜೊತೆಗೆ ಓ ಎನ್ನುತ್ತೇನೆ. ನಗುವವರು ಇಬ್ಬರನ್ನೂ ನೋಡಿ ನಗಲಿ.

ಎರಡು ತಿಂಗಳು ನಾನು ಮನಸ್ಸಿನಲ್ಲೇ ನಿಮ್ಮನ್ನು ಸುಟ್ಟು, ಬೂದಿ ಎತ್ತಿ, ಕಾರ್ಕಳಕ್ಕೆ ಹೋಗಿ ಅತ್ತೆಯ ಎದುರು ಹೇಗೆ ಬಾಯಿ ತೆರೆಯುವುದೆಂದು ಅಭ್ಯಾಸ ಮಾಡಿದ್ದೇನೆ. ಅದಕ್ಕಿಂತ ದೊಡ್ಡ ಹೆದರಿಕೆ ನಿಮ್ಮ ಬೆಟ್ಟದಲ್ಲೂ ಇಲ್ಲ, ನಿಮ್ಮ ಕೈಯಲ್ಲೂ ಇಲ್ಲ. ಇನ್ನೊಮ್ಮೆ ನನ್ನಿಂದ ಆಗುವುದಿಲ್ಲ. ನೀವು ಕಾಂಡ್ಲಾಕ್ಕೆ ಹೋದರೆ ನನಗೆ ಅದೇ ಪುನಃ ಶುರು.

ಜೋಕಿಮಣ್ಣನ ಜೊತೆ ಹೊರಡಿ. ಈ ಕಾಗದ ಈಸ್ಟರಿಗಿಂತ ಮೊದಲು ಮುಟ್ಟುತ್ತದೋ ಇಲ್ಲವೋ, ಮುಟ್ಟಲೇಬೇಕು.

ಮದುವೆಯಾದ ಮೇಲೆ ನಿಮ್ಮ ಹೆಸರನ್ನು ನಾನು ಬಾಯಿಬಿಟ್ಟು ಕರೆದವಳಲ್ಲ. ರೇಷನ್ ಕಾರ್ಡಿನವರು ಬಂದು ಕೇಳಿದಾಗಲೂ ಹೇಳಿದ್ದು ಅಮ್ಮ. ಈವತ್ತು ಅಂಗಳದಲ್ಲಿ ನಿಂತು, ಅಕ್ಕಪಕ್ಕದವರಿಗೆ ಕೇಳುವ ಹಾಗೆ, ಬಡಗು ದಿಕ್ಕಿಗೆ ಮುಖ ಮಾಡಿ ಕರೆದೆ. ಇಲ್ಲಿಯೂ ಬರೆಯುತ್ತೇನೆ. ನಾನು ಮನುಷ್ಯಳೇ, ಆದರೂ ಮೂರು ಸಲ ಕರೆಯುವಷ್ಟು ಧೈರ್ಯ ನನ್ನಲ್ಲಿ ಉಳಿದಿಲ್ಲ. ಒಂದೇ ಸಲ.

ತಾರಾನಾಥಾ.

ಸುಗಂಧಿ